ಸಣ್ಣ ರೇಡಾರ್‌ನಲ್ಲೇ ಎರಡು ದಿನದ ಅಲೆ ಹಿಡಿದದ್ದು

ನಮ್ಮ ರೇಡಾರ್ ಉಲ್ಕೆಗಳ ಜಾಡು ಸರಿಯುವುದನ್ನು ನೋಡಿ ಸುಮಾರು 90 ಕಿಲೋಮೀಟರ್ ಎತ್ತರದ ಗಾಳಿ ಅಳೆಯುತ್ತದೆ. ದಿನಕ್ಕೆ ನಾಲ್ಕೈದು ಸಾವಿರ ಉಲ್ಕೆ ಸಿಗುವ ಇಂಥದ್ದರಲ್ಲಿ ಪ್ಲಾನೆಟರಿ ವೇವ್, ಅಂದರೆ ಭೂಮಿಯನ್ನೇ ಸುತ್ತುವ ದೊಡ್ಡ ಗಾಳಿಯ ಅಲೆ, ಹುಡುಕುತ್ತೇನೆ ಎಂದಾಗ ಬಹಳ ಜನ ನಕ್ಕರು. "ಟೈಡ್ ಸಿಕ್ಕರೆ ಅದೇ ದೊಡ್ಡದು, ಅಲೆಯ ಆಸೆ ಬಿಡಿ" ಎಂದರು. ಟೈಡ್ ಅಂದರೆ ಸೂರ್ಯನ ಬಿಸಿಯಿಂದ 24, 12, 8 ಗಂಟೆಗೊಮ್ಮೆ ಏರಿಳಿಯುವ ಗಾಳಿ. ಅವರ ಮಾತಲ್ಲಿ ಹುರುಳಿತ್ತು. ಬೆಳಗಿನ ಆರರ ಹೊತ್ತಿಗೆ ಉಲ್ಕೆ ಸುರಿಯುತ್ತದೆ. ಸಂಜೆ ಆರಕ್ಕೆ ಅದರ ಐದನೇ ಒಂದು ಪಾಲು ಸಿಕ್ಕರೆ ಪುಣ್ಯ. ಗಂಟೆಗೊಂದು ಸರಾಸರಿ ಗಾಳಿ ತೆಗೆದರೆ ಪ್ರತಿ ಸಂಜೆ ಅದೇ ಹೊತ್ತಿಗೊಂದು ತೂತು. ಆಗ ಟೈಡ್‌ನ ಏರಿಳಿತವೇ 48 ಗಂಟೆಯ ಅಲೆಯ ವೇಷ ಹಾಕಿ ಬರುತ್ತದೆ.

ಅದಕ್ಕೇ ಗಂಟೆ ಸರಾಸರಿಯನ್ನೇ ಕೈಬಿಟ್ಟೆ. ಒಂದು ಉಲ್ಕೆಯ ಜಾಡಿನ ರೇಡಿಯಲ್ ವೇಗಕ್ಕೆ (ರೇಡಾರ್ ಕಡೆಗೆ ಇಲ್ಲವೇ ದೂರಕ್ಕೆ ಸರಿಯುವ ವೇಗ) ಒಂದು ಸಮೀಕರಣ, ಅಷ್ಟೇ. ಆರೇಳು ದಿನದ ಕಿಟಕಿ, ದಿನಕ್ಕೊಂದು ಹೆಜ್ಜೆ ಮುಂದೆ. ಒಂದೇ ಫಿಟ್‌ನಲ್ಲಿ ಸರಾಸರಿ ಗಾಳಿ, 24, 12, 8 ಗಂಟೆಯ ಟೈಡ್, ಜೊತೆಗೊಂದು ಅಲೆ. ಅಲೆಯ ಅವಧಿಯನ್ನು 40ರಿಂದ 60 ಗಂಟೆವರೆಗೆ ಸರಿಸುತ್ತಾ ನೋಡಿದೆ. ಲಂಬ ಗಾಳಿ ಸೊನ್ನೆ ಎಂದಿಟ್ಟುಕೊಂಡೆ. ನೆತ್ತಿಯ ಹತ್ತಿರದವು, ತೀರಾ ದಿಗಂತಕ್ಕೆ ವಾಲಿದವು ಹೊರಗೆ. ಲೆಕ್ಕದಲ್ಲಿ ಯಾವ ಉಲ್ಕೆಗೆ ಎಷ್ಟು ತೂಕ (ಪ್ರಾಮುಖ್ಯ) ಕೊಟ್ಟೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅರ್ಧ ಗುಟ್ಟು ಅಲ್ಲೇ ಇದೆ.

ದುಡ್ಡು ನುಂಗಿದ್ದು ಟ್ರಾನ್ಸ್‌ಮಿಟರ್ ಅಲ್ಲ, ಕೇಬಲ್. ಟ್ರಾನ್ಸ್‌ಮಿಟರ್ ಹಳೆಯದು, ಅಗ್ಗಕ್ಕೆ ಸಿಕ್ಕಿತ್ತು. ಐದು ರಿಸೀವರ್ ಆಂಟೆನಾಗಳನ್ನು ನಾವೇ ಕಟ್ಟಿದೆವು. ಅವುಗಳ ನಡುವೆ 35 ಮೆಗಾಹರ್ಟ್ಸ್‌ನಲ್ಲಿ ಎರಡು ಮತ್ತು ಎರಡೂವರೆ ತರಂಗಾಂತರದಷ್ಟು ದೂರ ಅಂದರೆ ಸುಮಾರು 17 ಮತ್ತು 21 ಮೀಟರ್. ಐದರ ಫೇಸ್ (ಬಂದ ಸಿಗ್ನಲ್‌ನ ಹಂತ) ಹೋಲಿಸಿಯೇ ಉಲ್ಕೆಯ ದಿಕ್ಕು ತೆಗೆಯುವುದರಿಂದ, ಐದಕ್ಕೂ ಒಂದೇ ಉದ್ದದ, ಒಂದೇ ಸುರುಳಿಯ ಕೇಬಲ್ ಬೇಕು. ಮೊದಲು ಬಂದ ಅಗ್ಗದ ಕೇಬಲ್ ಬಿಸಿಲೇರಿದಂತೆ ಫೇಸ್ ಬದಲಿಸುತ್ತಿತ್ತು, ಅದೂ ಒಂದೊಂದು ಒಂದೊಂದು ಥರ. ಪೂರ್ತಿ ಎಸೆದೆವು. ಹೊಸದಕ್ಕೆ ಒಟ್ಟು ಖರ್ಚಿನ ಅರ್ಧದಷ್ಟು ಹೋಯಿತು. ಆಮೇಲೆ ಮಳೆಯಲ್ಲಿ ಒಂದು ಕನೆಕ್ಟರ್‌ಗೆ ನೀರು ಇಳಿಯಿತು. 90 ಕಿಲೋಮೀಟರ್ ಸುತ್ತ ಗುಂಪಾಗಿರಬೇಕಾದ ಉಲ್ಕೆಗಳ ಎತ್ತರ ರಾತ್ರೋರಾತ್ರಿ ಚದುರಿತು. ಆ ಹರವೇ ಈಗ ನನ್ನ ಅಳತೆಗೋಲು. ಅದು ದಪ್ಪಗಾದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡುತ್ತೇನೆ.

ನಡುವೆ ಸುಮ್ನೆ ಇನ್ನೊಂದಕ್ಕೂ ಕೈಹಾಕಿದೆ. ಉಲ್ಕೆಯ ಜಾಡು ಆರುವ ವೇಗದಿಂದ ತಾಪಮಾನ ತೆಗೆದು, ಅದರಲ್ಲೂ ಅಲೆ ಕಾಣುತ್ತದಾ ಎಂದು ನೋಡಿದೆ. ಅಲೆಗಿಂತ ಚದುರುವಿಕೆಯೇ ಜಾಸ್ತಿ. ಸದ್ಯಕ್ಕೆ ಮೂಲೆಗಿಟ್ಟಿದ್ದೇನೆ.

ಬೇಸಿಗೆಯ ಅಯನ (ಅತಿ ಉದ್ದ ಹಗಲಿನ ದಿನ) ಕಳೆದು ಕೆಲವು ವಾರಕ್ಕೆ ಅಲೆ ಎದ್ದಿತು. ಉತ್ತರ-ದಕ್ಷಿಣ ಗಾಳಿಯಲ್ಲಿ ಸೆಕೆಂಡಿಗೆ 30-35 ಮೀಟರ್, ಪೂರ್ವ-ಪಶ್ಚಿಮದಲ್ಲಿ ಅದಕ್ಕಿಂತ ಕಡಿಮೆ. ನಕ್ಕವರು ಇದೂ ಟೈಡ್‌ನ ನೆರಳೇ ಎಂದರು. ಸರಿ, ನಮ್ಮದೇ ಉಲ್ಕೆಗಳ ಸಮಯ, ದಿಕ್ಕು ಹಾಗೇ ಇಟ್ಟು, ಬರೀ ಏರಿಳಿಯುವ ಟೈಡ್ ಮತ್ತು ಗದ್ದಲವಿರುವ ಕೃತಕ ಗಾಳಿ ತುಂಬಿಸಿದೆ. ಸುಳ್ಳು ಅಲೆ ಸೆಕೆಂಡಿಗೆ ನಾಲ್ಕೈದು ಮೀಟರ್ ದಾಟಲಿಲ್ಲ. ಅಲ್ಲಿಗೆ ಅರ್ಧ ಜನ ಸುಮ್ಮನಾದರು.

ಉಳಿದವರಿಗೆ ಎರಡನೇ ರೇಡಾರ್ ಬೇಕಾಯಿತು. ಒಂದೇ ಜಾಗದಿಂದ ಅಲೆಸಂಖ್ಯೆ, ಅಂದರೆ ಭೂಮಿಯ ಸುತ್ತ ಅಲೆಗೆ ಎಷ್ಟು ಶಿಖರ ಎಂಬುದು, ಸಿಗುವುದಿಲ್ಲ, ಅಲ್ವಾ? ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ನಮಗಿಂತ 40 ಡಿಗ್ರಿ ಪೂರ್ವದಲ್ಲಿದ್ದ ಗೆಳೆಯರು ಆ ವಾರಗಳ ಡೇಟಾ ಕೊಟ್ಟರು. ಅಲೆಸಂಖ್ಯೆ 3 ಆಗಿ ಪಶ್ಚಿಮಕ್ಕೆ ಹೋಗುತ್ತಿದ್ದರೆ ಅಲ್ಲಿ ಶಿಖರ 16 ಗಂಟೆ ಮೊದಲು ಬರಬೇಕು. 4 ಆಗಿದ್ದರೆ 21 ಗಂಟೆ. ಬಂದದ್ದು 15ರಿಂದ 17ರ ನಡುವೆ. ಆಮೇಲೆ ನಕ್ಕವರೇ ಕೋಡ್ ಕೇಳಿದರು. ಕೊಟ್ಟೆ, ತೂಕದ ಫೈಲ್ ಬಿಟ್ಟು.

ಮುಂದೆ ಚಳಿಗಾಲದ 16 ದಿನದ ಅಲೆ. ಅದಕ್ಕೆ ಈ ಕಿಟಕಿ ಏನೂ ಸಾಲದು, ತಿಂಗಳುಗಟ್ಟಲೆ ರೇಡಾರ್ ನಿಲ್ಲದೆ ಓಡಬೇಕು. ಹಳೆಯ ಟ್ರಾನ್ಸ್‌ಮಿಟರ್ ಅಷ್ಟು ತಡೆಯುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಬದಲಿಗೆ ಇಡಲು ಇನ್ನೊಂದು ಆಂಪ್ಲಿಫೈಯರ್‌ಗೆ ದುಡ್ಡು ಹೊಂದಿಸುತ್ತಿದ್ದೇನೆ.