ಮಗುವಿನ ಉಬ್ಬಸ ಮತ್ತು ಇಂಗ್ಲೆಂಡಿನ ಪದ್ಧತಿ: ಬೆಂಗಳೂರಿನಿಂದ ಹೋದವರಿಗೆ

ಬೆಂಗಳೂರಿನಲ್ಲಿ ಮಗುವಿಗೆ ಉಬ್ಬಸ ಅಂದರೆ ನಮಗೆಲ್ಲ ಗೊತ್ತಿರುವ ದಾರಿ ಒಂದೇ. ರಾತ್ರಿ ಕೆಮ್ಮು ಶುರುವಾಗುತ್ತದೆ, ಎದೆ ಗೊರ ಗೊರ ಅನ್ನುತ್ತದೆ. ಬೆಳಿಗ್ಗೆ ಮಕ್ಕಳ ಡಾಕ್ಟರ ಹತ್ತಿರ ಓಡಿ ನೆಬ್ಯುಲೈಸರ್ ಹಾಕಿಸುತ್ತೇವೆ. ನಾಲ್ಕು ದಿನ ಕಳೆದರೆ ಮಗು ಆಡಿಕೊಂಡಿರುತ್ತದೆ, ಪಂಪು (ಇನ್ಹೇಲರ್) ಡ್ರಾಯರ್ ಸೇರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹಾಗಲ್ಲ. ಮಗು ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತದೆ. ‘ಈಗ ಏನೂ ಇಲ್ವಲ್ಲ, ಸುಮ್ನೆ ಯಾಕೆ ಹೋಗೋದು’ ಎಂದು ನಮ್ಮವರು ಆ ಅಪಾಯಿಂಟ್‌ಮೆಂಟ್ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಯಾಕೆ ಎನ್ನುವುದು ಮಗುವಿನ ಉಸಿರಿನ ನಾಳ ನೋಡಿದರೆ ತಿಳಿಯುತ್ತದೆ.

ಉಬ್ಬಸ (ಆಸ್ತಮಾ) ಬಂದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಕಫ ಜಾಸ್ತಿಯಾಗುತ್ತದೆ. ಇದು ಬಂದು ಹೋಗುವ ತೊಂದರೆ. ಇದರ ಜೊತೆಗೇ, ಕೆಲವು ಮಕ್ಕಳಲ್ಲಿ ನಾಳದ ರಚನೆಯೇ ನಿಧಾನವಾಗಿ ಬದಲಾಗುತ್ತದೆ. ಒಳಪದರದ ಕೆಳಗಿನ ತೆಳು ಪೊರೆ ದಪ್ಪವಾಗುತ್ತದೆ. ಸ್ನಾಯು ಬೆಳೆಯುತ್ತದೆ. ಬೋರ್‌ವೆಲ್ ನೀರಿನ ಪೈಪಿನಲ್ಲಿ ಉಪ್ಪು ಕಟ್ಟಿದರೆ ಕೆರೆದು ತೆಗೆಯಬಹುದು. ಇಲ್ಲಿ ಪೈಪಿನ ಗೋಡೆಯೇ ದಪ್ಪವಾಗಿರುತ್ತದೆ.

ಇದೆಲ್ಲ ವರ್ಷಗಟ್ಟಲೆ ಉಬ್ಬಸ ಅನುಭವಿಸಿದ ದೊಡ್ಡವರಿಗೆ ಆಗುವುದು ಎಂದು ಹಿಂದೆ ನಂಬಿದ್ದರು. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು ಉಬ್ಬಸ ಹತೋಟಿಗೆ ಬಾರದ ಮಕ್ಕಳ ನಾಳದಿಂದ ಸಣ್ಣ ಚೂರು ತೆಗೆದು ನೋಡಿದರು. ಶಾಲೆಗೆ ಹೋಗುವ ಮಕ್ಕಳಲ್ಲೇ ಆ ಪೊರೆ ದೊಡ್ಡವರಷ್ಟು ದಪ್ಪವಾಗಿತ್ತು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದೇ ಪದೇ ವೀಸಿಂಗ್ (ಉಸಿರಾಡುವಾಗ ಸುಯ್‌ಗುಟ್ಟುವ ಸದ್ದು) ಬರುವ 1ರಿಂದ 3 ವರ್ಷದ ಮಕ್ಕಳಲ್ಲೂ ಅದು ಕಂಡಿತು. ಅದಕ್ಕೂ ಚಿಕ್ಕ ಕೂಸುಗಳಲ್ಲಿ ಕಂಡಿರಲಿಲ್ಲ. ಅಂದರೆ ನಾವು ‘ಬೆಳೆಯುತ್ತಾ ಸರಿಹೋಗುತ್ತೆ’ ಎಂದು ಕಾಯುವ ವಯಸ್ಸಿನಲ್ಲೇ ಇದು ಶುರುವಾಗಬಹುದು. ಸ್ಟೆತಸ್ಕೋಪಿಗೆ ಕೇಳಿಸುವುದಿಲ್ಲ, ಮಗುವಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ದಿನಾ ಎಳೆದುಕೊಳ್ಳುವ ಸ್ಟಿರಾಯ್ಡ್ ಪಂಪು ಇದನ್ನು ತಡೆಯುತ್ತದೆಯೇ? ಇಲ್ಲಿ ಸುಳ್ಳು ಭರವಸೆ ಕೊಡಬಾರದು. ಅಮೆರಿಕ ಮತ್ತು ಕೆನಡಾದ 1,041 ಮಕ್ಕಳನ್ನು ನಾಲ್ಕರಿಂದ ಆರು ವರ್ಷ ಗಮನಿಸಿದ ಅಧ್ಯಯನ 2000ರಲ್ಲಿ ಬಂತು. ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಪಂಪು ತೆಗೆದುಕೊಂಡ ಮಕ್ಕಳ ಶ್ವಾಸಕೋಶ ಉಳಿದವರಿಗಿಂತ ಚೆನ್ನಾಗಿ ಬೆಳೆದಿರಲಿಲ್ಲ. ಆದರೆ ಆಸ್ಪತ್ರೆ ಸೇರುವುದು, ಎಮರ್ಜೆನ್ಸಿಗೆ ಓಡುವುದು ಚೆನ್ನಾಗಿ ಕಡಿಮೆಯಾಗಿತ್ತು. ಎತ್ತರ ಸುಮಾರು 1 ಸೆಂಟಿಮೀಟರ್ ಕಡಿಮೆಯಾಯಿತು, ಅಷ್ಟೇ. ನನ್ನ ಮಟ್ಟಿಗೆ ಲೆಕ್ಕ ಸರಳ. ಗೋಡೆ ದಪ್ಪವಾಗಿರುವ ನಾಳ ಒಂದು ನೆಗಡಿಗೇ ಮುಚ್ಚಿಕೊಳ್ಳಬಹುದು. ಆ ದಿನ ಬಾರದಂತೆ ನೋಡಿಕೊಳ್ಳುವುದಕ್ಕೆ ನಮ್ಮ ಕೈಯಲ್ಲಿರುವುದು ಈ ಪಂಪು. ‘ಪಂಪು ಹಿಡಿದರೆ ಅಭ್ಯಾಸ ಆಗಿಬಿಡುತ್ತೆ’ ಎಂದು ಫೋನಿನಲ್ಲಿ ಅಜ್ಜಿ ಹೇಳಿದರೆ ಅಜ್ಜಿಗೂ ಇದನ್ನೇ ಸಮಾಧಾನವಾಗಿ ಹೇಳಿ.

ಇನ್ನು ಅಲ್ಲಿಯ ವ್ಯವಸ್ಥೆ. ವೀಸಾ ಜೊತೆಗೆ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಹಾಗಾಗಿ ಡಾಕ್ಟರ್ ಫೀಸು ಇಲ್ಲ. 16 ವರ್ಷದೊಳಗಿನವರಿಗೆ ಔಷಧವೂ ಉಚಿತ. ಮನೆ ಸಿಕ್ಕಿದ ವಾರವೇ ಹತ್ತಿರದ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ; ಎನ್‌ಎಚ್‌ಎಸ್‌ನಲ್ಲಿ ಸ್ಪೆಷಲಿಸ್ಟ್ ಹತ್ತಿರ ನೇರವಾಗಿ ಹೋಗಲಾಗುವುದಿಲ್ಲ. ಬೆಂಗಳೂರಿನ ಫೈಲು ಪೂರ್ತಿ ಒಯ್ಯಿರಿ. ಆಸ್ತಾಲಿನ್, ಬುಡೆಕಾರ್ಟ್ ಎಂಬ ಇಲ್ಲಿಯ ಬ್ರಾಂಡ್ ಹೆಸರು ಅಲ್ಲಿ ಎಲ್ಲರಿಗೂ ತಿಳಿದಿರುವುದಿಲ್ಲ. ಸಾಲ್ಬುಟಮಾಲ್, ಬುಡೆಸೊನೈಡ್ ಎಂದು ಔಷಧದ ಮೂಲ ಹೆಸರನ್ನೂ ಎಷ್ಟು ಮೈಕ್ರೋಗ್ರಾಂ ಎಂಬುದನ್ನೂ ಬರೆದುಕೊಂಡು ಹೋಗಿ. ಇನ್ನೊಂದು ಮಾತು: ಇಲ್ಲಿ ಫೈಲಿನಲ್ಲಿ ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದು ಬರೆಸಿಕೊಳ್ಳುವುದುಂಟು, ಆಸ್ತಮಾ ಅಂದರೆ ಮನೆಯವರು ಹೆದರುತ್ತಾರೆ ಎಂದು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ 1979ರಲ್ಲಿ ಶೇ. 9 ಇದ್ದ ಆಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಇಷ್ಟು ಮನೆಗಳಲ್ಲಿ ಇರುವುದನ್ನು ಮುಚ್ಚಿಡುವುದೇಕೆ? ಜಿಪಿಗೆ ಎಷ್ಟು ಸಲ ನೆಬ್ಯುಲೈಸರ್ ಹಾಕಿಸಿದ್ದೀರಿ, ಎಷ್ಟು ಸಲ ಸ್ಟಿರಾಯ್ಡ್ ಸಿರಪ್ ಕೊಟ್ಟಿದ್ದೀರಿ, ಎಲ್ಲ ಹೇಳಿ.

2024ರ ನವೆಂಬರಿನಲ್ಲಿ ಅಲ್ಲಿ ಆಸ್ತಮಾಕ್ಕೆ ಹೊಸ ಮಾರ್ಗಸೂಚಿ ಬಂದಿದೆ. 5 ವರ್ಷ ದಾಟಿದ ಮಗುವಾದರೆ, ಆಸ್ತಮಾ ಹೌದೋ ಅಲ್ಲವೋ ತಿಳಿಯಲು, ಒಂದು ಕೊಳವೆಯೊಳಗೆ ಊದಿಸಿ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆಯುತ್ತಾರೆ. ಸ್ಟಿರಾಯ್ಡ್ ಪಂಪು ತೆಗೆದುಕೊಳ್ಳುತ್ತಿದ್ದರೆ ಈ ಅಂಕಿ ತಗ್ಗಿರುತ್ತದೆ, ಅದನ್ನು ಮೊದಲೇ ತಿಳಿಸಿ. 5ರೊಳಗಿನ ಮಗುವಿಗೆ ಈ ಪರೀಕ್ಷೆ ಕಷ್ಟ. ಕೆಲವು ವಾರ ಪಂಪು ಕೊಟ್ಟು, ನಿಲ್ಲಿಸಿ, ಏನಾಗುತ್ತದೆ ನೋಡುತ್ತಾರೆ. ಡಾಕ್ಟರಿಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ, ಪದ್ಧತಿಯೇ ಹಾಗೆ.

ವರ್ಷದ ತಪಾಸಣೆಯನ್ನು ಹೆಚ್ಚಾಗಿ ಆಸ್ತಮಾ ನರ್ಸ್ ಮಾಡುತ್ತಾರೆ. ಪಂಪು, ಅದಕ್ಕೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ ಅಂದರೆ ಸ್ಪೇಸರ್, ಎರಡನ್ನೂ ಒಯ್ಯಿರಿ, ನೀವು ಹೇಗೆ ಕೊಡುತ್ತೀರಿ ಎಂದು ಮಾಡಿಸಿ ನೋಡುತ್ತಾರೆ. ಪಂಪು ಚೆನ್ನಾಗಿ ಅಲ್ಲಾಡಿಸಬೇಕು. ಒಮ್ಮೆ ಒತ್ತಿ, ಮಗು ಐದು ಸಲ ನಿಧಾನವಾಗಿ ಉಸಿರಾಡಬೇಕು. ಆಮೇಲೆ ಎರಡನೆಯದು. ಅವಸರದಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧ ಸ್ಪೇಸರಿನ ಗೋಡೆಗೇ ಅಂಟುತ್ತದೆ. ಸ್ಟಿರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ, ಬಟ್ಟೆಯಲ್ಲಿ ಒರೆಸಬೇಡಿ.

ಏಳುವ ಮೊದಲು ‘ಆಸ್ತಮಾ ಆಕ್ಷನ್ ಪ್ಲಾನ್’ ಕೇಳಿ ಪಡೆಯಿರಿ. ಯಾವ ಲಕ್ಷಣಕ್ಕೆ ಏನು ಮಾಡಬೇಕು ಎಂದು ಬರೆದ ಹಾಳೆ ಅದು. ಒಂದು ಫ್ರಿಜ್ಜಿನ ಮೇಲೆ, ಒಂದು ಶಾಲೆಗೆ. ಉಬ್ಬಸ ಬಂದಾಗ ಕೊಡುವ ನೀಲಿ ಪಂಪಿನ (ಸಾಲ್ಬುಟಮಾಲ್) 10 ಪಫ್ ಕೊಟ್ಟರೂ ಉಸಿರು ಸುಧಾರಿಸದಿದ್ದರೆ, ಅಥವಾ ಮಗುವಿಗೆ ಮಾತಾಡಲೂ ಆಗದಿದ್ದರೆ ಆಂಬುಲೆನ್ಸಿಗೆ 999 ಒತ್ತಿ. ಅಲ್ಲಿ ಕ್ಯಾಬ್ ಹುಡುಕುತ್ತಾ ನಿಲ್ಲಬೇಡಿ. ಆಸ್ಪತ್ರೆಯಿಂದ ಬಂದ ಎರಡು ಕೆಲಸದ ದಿನದೊಳಗೆ ಜಿಪಿ ಕಡೆ ತೋರಿಸಬೇಕು, ಮಗು ನಗುತ್ತಿದ್ದರೂ ಸರಿ. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೇಲೆ ನೆಗಡಿ ಹರಡಿ ಉಬ್ಬಸ ಏರುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದವರು ದಿನದ ಪಂಪನ್ನು ಇಲ್ಲೇ ತಪ್ಪಿಸಿ ವಾಪಸ್ ಹೋದರೆ ಸರಿಯಾಗಿ ಆ ಹೊತ್ತಿಗೇ ಸಿಕ್ಕಿಬೀಳುತ್ತಾರೆ. ದಿನದ ಪಂಪು, ನೀಲಿ ಪಂಪು ಎರಡೂ ಮತ್ತು ಡಾಕ್ಟರ್ ಚೀಟಿಯ ಪ್ರತಿ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ.