ಬಟನ್ ಒತ್ತಿದರೂ ಏಳದ ಡೆಸ್ಕ್‌ಟಾಪ್: ದೋಷ ಹುಡುಕುವುದು ಹೇಗೆ?

ಪೂರ್ತಿ ಕೆಟ್ಟ ಕಂಪ್ಯೂಟರಿನ ರಿಪೇರಿ ಸುಲಭ. ಐದು ಸಲ ಬಟನ್ ಒತ್ತಿದರೂ ಮಿಸುಕದೆ, ಆರನೇ ಸಲಕ್ಕೆ ಏನೂ ಆಗಿಲ್ಲವೆಂಬಂತೆ ಆನ್ ಆಗುವುದೇ ನಿಜವಾದ ತಲೆನೋವು. ಅಂಗಡಿಗೆ ಒಯ್ದರೆ ಅಲ್ಲಿ ಮೊದಲ ಸಲಕ್ಕೇ ಆನ್ ಆಗುತ್ತದೆ. ಆಮೇಲೆ ಅಂದಾಜಿನ ಮೇಲೆ, ಒಳಭಾಗಗಳಿಗೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ಸೋ ಮದರ್‌ಬೋರ್ಡೋ ಬದಲಾಗುತ್ತದೆ. ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ. ಇಂಥದ್ದನ್ನು ಅದು ಕೈಕೊಟ್ಟ ಗಳಿಗೆಯಲ್ಲೇ ಹಿಡಿಯಬೇಕು.

ಯಾವಾಗ ಕೈಕೊಡುತ್ತದೆ?

ಬೆಳಿಗ್ಗೆ ಸತಾಯಿಸಿ, ಒಮ್ಮೆ ಆನ್ ಆದ ಮೇಲೆ ದಿನವಿಡೀ ಸರಿಯಿದ್ದರೆ ಎಸ್‌ಎಂಪಿಎಸ್ ಮೇಲೆ ಮೊದಲ ಅನುಮಾನ. ಅದರೊಳಗಿನ ಕೆಪಾಸಿಟರ್‌ಗಳ ದ್ರವ ವರ್ಷಗಳು ಕಳೆದಂತೆ ಒಣಗಿ, ಒಳಗಿನ ರೋಧ ಹೆಚ್ಚುತ್ತದೆ. ತಣ್ಣಗಿದ್ದಾಗ ಅದು ಇನ್ನೂ ಹೆಚ್ಚು. ಸ್ವಲ್ಪ ಬಿಸಿಯಾದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಇದಕ್ಕೆ ತಿರುಗುಮುರುಗಾಗಿ, ಬಿಸಿಯಾದ ಯಂತ್ರವನ್ನು ಆಫ್ ಮಾಡಿ ತಕ್ಷಣ ಆನ್ ಮಾಡಲು ಹೋದಾಗ ಮಾತ್ರ ತೊಂದರೆಯಾದರೆ ಬಿರುಕುಬಿಟ್ಟ ಬೆಸುಗೆಯೋ ನಿಂತುಹೋದ ಫ್ಯಾನೋ ಇರಬಹುದು.

ಗೋಡೆಯ ಸ್ವಿಚ್ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟರೆ ಸರಿಹೋಗುತ್ತದೆಯೇ? ಅಥವಾ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆಯೇ? ಹಾಗಾದರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿರಬಹುದು. ಮುಂದಿನ ಯುಎಸ್‌ಬಿ ಕಿಂಡಿಯೊಳಗೆ ಬಾಗಿದ ಪಿನ್, ಮದರ್‌ಬೋರ್ಡ್ ಅಡಿಗೆ ಉರುಳಿಹೋದ ಸ್ಕ್ರೂ, ಇವೆರಡನ್ನು ಮೊದಲು ನೋಡಿ. ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಗಿದ್ದರೆ ರ್‍ಯಾಮ್ ತೆಗೆದು, ಅದರ ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ.

ಹೊರಗಿನಿಂದ ಒಳಕ್ಕೆ

ಸ್ಪೈಕ್ ಬಸ್ಟರ್, ಯುಪಿಎಸ್ ಎರಡನ್ನೂ ಬದಿಗಿಟ್ಟು ಗೋಡೆಯ ಸಾಕೆಟ್ಟಿಗೆ ನೇರ ಜೋಡಿಸಿ. ಕ್ಯಾಬಿನೆಟ್ ಹಿಂಬದಿಯಲ್ಲಿ ಸಡಿಲವಾಗಿ ಕೂರುವ ಪವರ್ ಕೇಬಲ್ಲನ್ನು ಬದಲಿಸಿ.

ಇನ್ನು ಪವರ್ ಬಟನ್. ಮುಂಭಾಗದಿಂದ ಬರುವ ಅದರ ಎರಡು ತೆಳು ವೈರುಗಳು ಮದರ್‌ಬೋರ್ಡಿನ ಮೂಲೆಯ ಪಿನ್‌ಗಳಿಗೆ ಸೇರುತ್ತವೆ. ಕಂಪ್ಯೂಟರ್ ಏಳದಿರುವಾಗ ಆ ಕನೆಕ್ಟರ್ ಕಿತ್ತು, ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಇಲ್ಲಿರುವುದು ಬರೀ 5 ವೋಲ್ಟಿನೊಳಗಿನ ಸಂಜ್ಞೆ, ಶಾಕ್ ಹೊಡೆಯುವುದಿಲ್ಲ. ಪ್ರತಿಸಲವೂ ಹೀಗೆ ಆನ್ ಆದರೆ ಕೆಟ್ಟಿರುವುದು ಬಟನ್ ಅಷ್ಟೇ. ರೀಸೆಟ್ ಬಟನ್ನಿನ ವೈರನ್ನು ಅದೇ ಪಿನ್‌ಗಳಿಗೆ ಸಿಕ್ಕಿಸಿ ಅದನ್ನೇ ಪವರ್ ಬಟನ್ ಮಾಡಿಕೊಳ್ಳಬಹುದು, ಖರ್ಚು ಸೊನ್ನೆ. ಆನ್ ಆಗಿ ಸುಮಾರು ನಾಲ್ಕು ಸೆಕೆಂಡಿಗೆ ಆಫ್ ಆಗುವುದು ಒಳಗೇ ಸಿಕ್ಕಿಕೊಂಡ ಬಟನ್ನಿನ ಲಕ್ಷಣ.

ಮಲ್ಟಿಮೀಟರ್ ಹೇಳುವುದೇನು?

ಎಲ್ಲವೂ ಜೋಡಿಸಿದ್ದಂತೆಯೇ ಇರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಕೆಂಪು ಕಡ್ಡಿಯನ್ನು ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವ 24 ಪಿನ್ ಕನೆಕ್ಟರಿನ ಬೆನ್ನಿನಿಂದ, ವೈರಿನ ಪಕ್ಕಕ್ಕೆ ತೂರಿಸಿ.

ಕಂಪ್ಯೂಟರ್ ಆಫ್ ಇದ್ದರೂ ನೇರಳೆ ವೈರಿನಲ್ಲಿ 4.75ರಿಂದ 5.25 ವೋಲ್ಟ್ ಇರಲೇಬೇಕು. ಅದಿಲ್ಲದಿದ್ದರೆ ಪ್ಲಗ್ ತೆಗೆದು, ಕನೆಕ್ಟರ್ ಕಿತ್ತು, ಮತ್ತೆ ವಿದ್ಯುತ್ ಕೊಟ್ಟು ಅಳೆಯಿರಿ. ಆಗಲೂ ಇಲ್ಲವೆಂದರೆ ಎಸ್‌ಎಂಪಿಎಸ್ ಹೋಗಿದೆ. ನೇರಳೆ ಸರಿಯಿದ್ದರೆ ಹಸಿರಿಗೆ ಬನ್ನಿ. ಆಫ್ ಇದ್ದಾಗ ಅಲ್ಲಿ ಸುಮಾರು 3ರಿಂದ 5 ವೋಲ್ಟ್ ಇದ್ದು, ಬಟನ್ ಒತ್ತಿದೊಡನೆ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ದೋಷ ಬಟನ್ನಿನದು ಅಥವಾ ಮದರ್‌ಬೋರ್ಡಿನದು. ಹಸಿರು ಇಳಿದರೂ ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬರದಿದ್ದರೆ ಎಸ್‌ಎಂಪಿಎಸ್ ಸೋತಿದೆ, ಇಲ್ಲವೇ ಶಾರ್ಟ್ ಅದನ್ನು ತಡೆಯುತ್ತಿದೆ.

ಕೇಬಲ್ಲುಗಳೆಲ್ಲ ಕಪ್ಪಗಿದ್ದರೆ ಪಿನ್ ಲೆಕ್ಕ ಹಾಕಬೇಕು: ಹಸಿರು 16ನೆಯದು, ನೇರಳೆ 9ನೆಯದು. ಕೆಲವು ಬ್ರಾಂಡೆಡ್ ಯಂತ್ರಗಳಲ್ಲಿ 24 ಪಿನ್ ಕನೆಕ್ಟರೇ ಇರುವುದಿಲ್ಲ, ಅಲ್ಲಿ ಈ ಲೆಕ್ಕ ನಡೆಯದು. ಏನೇ ಆಗಲಿ, ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ 300ಕ್ಕೂ ಹೆಚ್ಚು ವೋಲ್ಟಿನ ಡಿಸಿಯಾಗಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಶಾರ್ಟ್ ಅನುಮಾನವಿದ್ದರೆ

ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಹೋಗಲು ಬಿಡಿ. ಪ್ರೊಸೆಸರ್, ಅದರ ಫ್ಯಾನ್, ಒಂದೇ ರ್‍ಯಾಮ್ ಉಳಿಸಿಕೊಂಡು ಗ್ರಾಫಿಕ್ಸ್ ಕಾರ್ಡ್, ಡಿಸ್ಕ್, ಮುಂಭಾಗದ ಯುಎಸ್‌ಬಿ ಎಲ್ಲ ಕಳಚಿ. 24 ಪಿನ್ ಜೊತೆಗೆ ಪ್ರೊಸೆಸರಿನ 4 ಅಥವಾ 8 ಪಿನ್ ಕನೆಕ್ಟರ್ ಇರಲೇಬೇಕು. ಒಂದು ಸಲ ಆನ್ ಆಯಿತೆಂದು ಖುಷಿಪಡಬೇಡಿ, ಬಂದುಹೋಗುವ ದೋಷಕ್ಕೆ ಅದು ಸಾಕ್ಷಿಯಲ್ಲ. ಮೂರ್ನಾಲ್ಕು ಬೆಳಗು ತಪ್ಪದೆ ಆನ್ ಆದಮೇಲೆ, ದಿನಕ್ಕೊಂದೇ ಭಾಗ ಮರಳಿ ಸೇರಿಸಿ.

ಹೊಸ ಎಸ್‌ಎಂಪಿಎಸ್ ಕೊಳ್ಳುವುದಾದರೆ ಡಬ್ಬಿಯ ಮೇಲಿನ ದಪ್ಪಕ್ಷರದ ವ್ಯಾಟ್ ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿನ ಆಂಪ್ ನೋಡಿ: 16 ಆಂಪ್ ಎಂದಿದ್ದರೆ ಅಲ್ಲಿ ಸಿಗುವುದು 192 ವ್ಯಾಟ್ ಮಾತ್ರ, ಹೊರಗೆ 450 ಎಂದು ಬರೆದಿದ್ದರೂ. ಬಿಚ್ಚಿ ಹಾಕುವ ಕೇಬಲ್ಲಿನ ಮಾದರಿಯಾದರೆ ಹಳೆಯದರ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಆಕಾರ ಹೊಂದಿದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಡಿಸ್ಕ್ ಸುಟ್ಟೀತು.