ಮಳೆಗಾಲದ ಸಿಂಹಗಡ: ಬಿಳಿಚುತ್ತಿದ್ದ ಹಸಿರನ್ನು ಸರಿಪಡಿಸಿದ ಬಗೆ

ಪುಣೆಯ ಕನ್ನಡ ಗೆಳೆಯರೊಂದಿಗೆ ಮಳೆಗಾಲದಲ್ಲಿ ಸಿಂಹಗಡ ಕೋಟೆಯ ತಪ್ಪಲಿನ ಆತ್ಕರ್‌ವಾಡಿ ಹಳ್ಳಿಯಿಂದ ಹತ್ತುವಾಗ, ಕಣ್ಣಿಗೆ ಕಡುಹಸಿರಾಗಿ ಕಾಣುವ ಇಳಿಜಾರು ಚಿತ್ರದಲ್ಲಿ ಮಾತ್ರ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿತ್ತು. ಒದ್ದೆ ಎಲೆಗಳ ಮೇಲೆ ಮೋಡದ ಬೆಳಕು ಪ್ರತಿಫಲಿಸಿ ಅವುಗಳ ನಿಜವಾದ ಬಣ್ಣವನ್ನೇ ಮುಚ್ಚಿಬಿಡುವುದು ಇದಕ್ಕೆ ಕಾರಣವಾದ್ದರಿಂದ, ಮನೆಗೆ ಬಂದು ಎಡಿಟಿಂಗ್‌ನಲ್ಲಿ ಬಣ್ಣ ಹೆಚ್ಚಿಸುವುದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಲೆನ್ಸಿಗೆ ಪ್ರತಿಫಲನದ ಹೊಳಪನ್ನು ತಡೆಯುವ ಪೋಲರೈಸರ್ ಫಿಲ್ಟರ್ ಹಾಕಿ, ಅದರ ಉಂಗುರವನ್ನು ನಿಧಾನವಾಗಿ ತಿರುಗಿಸುತ್ತಾ ಹೋದಾಗ, ಒಂದು ಹಂತದಲ್ಲಿ ಎಲೆಗಳ ಹೊಳಪು ಆರಿ, ಅವುಗಳ ನರಗಳೂ ಸ್ಪಷ್ಟವಾಗಿ ಕಂಡವು. ಫಿಲ್ಟರ್ ಸುಮಾರು 2 ಸ್ಟಾಪ್‌ನಷ್ಟು, ಅಂದರೆ ಕಾಲು ಭಾಗ ಮಾತ್ರ ಉಳಿಯುವಷ್ಟು ಬೆಳಕನ್ನು ನುಂಗುವುದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ರಿಂದ 400ಕ್ಕೆ ಏರಿಸಿದೆ. ಚಿತ್ರದಲ್ಲಿ ತುಸು ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಬಂದರೂ, ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ಅಲುಗಾಡಿದ ಚಿತ್ರ ಪಡೆಯುವುದಕ್ಕಿಂತ ಅದೇ ವಾಸಿ. ಖಡಕ್‌ವಾಸ್ಲಾ ಜಲಾಶಯದ ನೋಟಕ್ಕೆ ಮಾತ್ರ ಹೊಳಪು ಪೂರ್ತಿ ಆರುವವರೆಗೆ ಉಂಗುರವನ್ನು ತಿರುಗಿಸಬಾರದು, ಇಲ್ಲದಿದ್ದರೆ ನೀರಿನ ಮೇಲಿನ ಮೋಡದ ಬಿಂಬವೂ ಮಾಸಿಹೋಗುತ್ತದೆ.